ದೊಡ್ಡ ನಾಯಿಗೆ ಒಂದೇ ಬಾಗಿಲು

ಬೆಂಗಳೂರಿನಲ್ಲಿ ಬೆಳೆದ ನಾಯಿಯೊಂದು ಮನೆಯವರ ಜೊತೆಗೆ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ನೆಲೆಸಬೇಕಾದರೆ, ಆ ಮನೆಯವರಿಗೆ ಕೆಲಸ ಸಿಕ್ಕಿರುವುದು ಲಾಸ್ ಏಂಜಲೀಸ್‌ನಲ್ಲಿರಲಿ, ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ದಕ್ಷಿಣಕ್ಕಿರುವ ಸ್ಯಾನ್ ಡಿಯಾಗೊದಲ್ಲಿರಲಿ, ನಾಯಿ ಮಾತ್ರ ಸಾಮಾನ್ಯವಾಗಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲೇ ಇಳಿಯಬೇಕಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ಎಲ್ಲರೂ ಸಿಡಿಸಿ ಎಂದು ಕರೆಯುವ ಸಂಸ್ಥೆ, 2024ರ ಆಗಸ್ಟ್ 1ರಂದು ಜಾರಿಗೆ ತಂದ ನಿಯಮದ ಪ್ರಕಾರ, ನಾಯಿಗಳಿಂದ ರೇಬೀಸ್ ಹರಡುವ ಅಪಾಯ ಹೆಚ್ಚಿರುವ ದೇಶಗಳಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿಗಳು ಸಿಡಿಸಿಯಲ್ಲಿ ನೋಂದಣಿಯಾದ ಪ್ರಾಣಿ ಆರೈಕೆ ಕೇಂದ್ರವಿರುವ ವಿಮಾನ ನಿಲ್ದಾಣಗಳ ಮೂಲಕವೇ ಒಳಬರಬೇಕು; ನಿಯಮ ಜಾರಿಗೆ ಬಂದ ವೇಳೆಗೆ ಅಂಥ ನಿಲ್ದಾಣಗಳು ಅಟ್ಲಾಂಟಾ, ಮಯಾಮಿ, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಮತ್ತು ಲಾಸ್ ಏಂಜಲೀಸ್ ಎಂಬ ಆರೇ ಇದ್ದು, ಪೆಸಿಫಿಕ್ ಕಡೆಯಲ್ಲಿ ಕೊನೆಯದೊಂದೇ ಇತ್ತು. 2021ರ ಜನವರಿಯಲ್ಲಿ ಬೆಂಗಳೂರಿನಿಂದ ನೇರ ವಿಮಾನಯಾನ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೊ ಕೂಡ ಈ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಮನೆಯವರ ಟಿಕೆಟನ್ನು ಮೊದಲು ಕಾಯ್ದಿರಿಸಿ, ನಾಯಿಯ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡ ಕುಟುಂಬಗಳು ಹೊರಡುವ ತಿಂಗಳು ಹತ್ತಿರವಾದಂತೆ ದಿಕ್ಕು ತೋಚದೆ ನಿಲ್ಲುತ್ತವೆ.

ಈ ಬಿಗಿಗೆ ಕಾರಣವಿಲ್ಲದೆ ಇಲ್ಲ. ನಾಯಿಯಿಂದ ನಾಯಿಗೆ ಹರಡುವ ಬಗೆಯ ರೇಬೀಸ್ ತನ್ನ ನೆಲದಲ್ಲಿ ಇಲ್ಲವಾಗಿದೆ ಎಂದು ಅಮೆರಿಕ 2007ರಲ್ಲಿ ಘೋಷಿಸಿತು. ಬಾವಲಿ, ರಕೂನ್, ಸ್ಕಂಕ್ ಮೊದಲಾದ ಕಾಡುಪ್ರಾಣಿಗಳಲ್ಲಿ ರೋಗ ಉಳಿದಿದ್ದರೂ ಬೀದಿಯ ನಾಯಿ ಕಚ್ಚಿತೆಂದು ಸಾಯುವ ಭಯ ಆ ದೇಶದಲ್ಲಿ ತೊಲಗಿತ್ತು. ಆದರೆ ಹೊರದೇಶಗಳಿಂದ ಬರುವ ನಾಯಿಗಳ ಜೊತೆಗೆ ಸುಳ್ಳು ಲಸಿಕೆ ಪತ್ರಗಳು ಬರುವುದು ಹೆಚ್ಚಿದಾಗ, 2021ರ ಜುಲೈ 14ರಿಂದ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ತಾತ್ಕಾಲಿಕ ತಡೆ ಬಿತ್ತು; ಅದಕ್ಕೆ ತಿಂಗಳ ಹಿಂದಷ್ಟೇ ಅಜರ್‌ಬೈಜಾನಿನಿಂದ ಬಂದ ನಾಯಿಯೊಂದರಲ್ಲಿ ರೇಬೀಸ್ ಕಾಣಿಸಿಕೊಂಡಿತ್ತು. ಭಾರತವಂತೂ ಈ ಪಟ್ಟಿಯಲ್ಲಿ ಇರಲೇಬೇಕಾದ ದೇಶ, ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಲ್ಲೇ ಸಂಭವಿಸುತ್ತವೆ. ಮನೆಯಂಗಳದಲ್ಲೇ ಬೆಳೆದು ಬೀದಿಯನ್ನೇ ಕಾಣದ ಲ್ಯಾಬ್ರಡಾರ್ ನಾಯಿಗೂ ಈ ಸಂಶಯ ಅಂಟಿಕೊಳ್ಳುವುದು ಅದರ ಮನೆಯವರಿಗೆ ನೋವಿನ ಸಂಗತಿಯಾದರೂ, ಒಮ್ಮೆ ಲಕ್ಷಣ ಕಾಣಿಸಿಕೊಂಡ ಮೇಲೆ ಬಹುತೇಕ ಯಾರನ್ನೂ ಬದುಕಗೊಡದ ರೋಗದ ಮುಂದೆ ಈ ಎಚ್ಚರ ಅತಿಯಾದುದೆಂದು ಹೇಳಲಾಗದು.

ನಿಯಮದ ತಿರುಳಿರುವುದು ಕೆಲಸಗಳ ಅನುಕ್ರಮದಲ್ಲಿ. ಎಲ್ಲಕ್ಕೂ ಮೊದಲು ನಾಯಿಯ ಚರ್ಮದಡಿ ಮೈಕ್ರೋಚಿಪ್ ಸೇರಿಸಬೇಕು. ಇದು ಅಕ್ಕಿಕಾಳಿನ ಗಾತ್ರದ, ಬ್ಯಾಟರಿಯಿಲ್ಲದ ಸಾಧನವಾಗಿದ್ದು, ಓದುಯಂತ್ರವನ್ನು ಹತ್ತಿರ ಹಿಡಿದಾಗ ಅದರೊಳಗಿನ 15 ಅಂಕಿಗಳ ಗುರುತು ಸಂಖ್ಯೆ ಕಾಣಿಸುತ್ತದೆ. ಚಿಪ್ ಹಾಕಿದ ದಿನವೇ ಅಥವಾ ಅದಾದ ಬಳಿಕ ಕೊಟ್ಟ ರೇಬೀಸ್ ಲಸಿಕೆಗೆ ಮಾತ್ರ ಮಾನ್ಯತೆ ಇರುವುದರಿಂದ, ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿಸಿದ್ದರೂ ಚಿಪ್ ಇಲ್ಲದ ನಾಯಿಯ ಹಿಂದಿನ ದಾಖಲೆಗಳೆಲ್ಲ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಕರ್ನಾಟಕದ ಎಷ್ಟೋ ಮನೆಗಳು ಎಡವುವುದು ಇಲ್ಲಿಯೇ. ಮಾನ್ಯವಾದ ಮೊದಲ ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಅದರ ಸೀರಮ್ಮನ್ನು ಸಿಡಿಸಿಯ ಪಟ್ಟಿಯಲ್ಲಿರುವ ಪ್ರಯೋಗಾಲಯಕ್ಕೆ ಕಳುಹಿಸಿ, ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಘಟಕದಷ್ಟು ಇವೆಯೆಂದು ಖಚಿತಪಡಿಸಿಕೊಳ್ಳಬೇಕು. ರಕ್ತ ತೆಗೆದ ದಿನದಿಂದ ಅಮೆರಿಕದಲ್ಲಿ ಕಾಲಿಡುವ ದಿನದವರೆಗೆ ಮತ್ತೆ ಕನಿಷ್ಠ 28 ದಿನಗಳ ಅಂತರವಿರಬೇಕು, ಮತ್ತು ಆ ಹೊತ್ತಿಗೆ ನಾಯಿಗೆ ಆರು ತಿಂಗಳು ತುಂಬಿರಬೇಕು. ಈ ರಕ್ತಪರೀಕ್ಷೆಯ ಫಲಿತಾಂಶವಿಲ್ಲದೆ ಬಂದ ನಾಯಿಯನ್ನು ಆರೈಕೆ ಕೇಂದ್ರದಲ್ಲಿ 28 ದಿನ ಪ್ರತ್ಯೇಕವಾಗಿ ಇರಿಸುತ್ತಾರೆ. ಫಲಿತಾಂಶವಿರುವ ನಾಯಿಯೂ ನೇರವಾಗಿ ಮನೆಗೆ ಹೋಗುವಂತಿಲ್ಲ. ಮೊದಲೇ ಕಾಯ್ದಿರಿಸಿದ ಕೇಂದ್ರಕ್ಕೆ ಹೋಗಿ, ಪಶುವೈದ್ಯರ ತಪಾಸಣೆಗೆ ಒಳಗಾಗಿ, ಅಮೆರಿಕದ ಲಸಿಕೆಯನ್ನು ಮತ್ತೊಮ್ಮೆ ಹಾಕಿಸಿಕೊಂಡ ಬಳಿಕವಷ್ಟೇ ಅದು ಮನೆಯವರ ಕೈಸೇರುತ್ತದೆ.

ಲಸಿಕೆ ಮತ್ತು ಚಿಪ್ಪಿನ ವಿವರಗಳನ್ನು ಸಿಡಿಸಿಯ ದೃಢೀಕರಣ ಪತ್ರದಲ್ಲಿ ತುಂಬುವವರು ನಾಯಿಯನ್ನು ನೋಡಿಕೊಳ್ಳುವ ಪಶುವೈದ್ಯರಾದರೂ, ಅದಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಮತ್ತು ಮುದ್ರೆ ಬೀಳಬೇಕು. ಭಾರತದಲ್ಲಿ ಪ್ರಾಣಿಗಳ ರಫ್ತಿಗೆ ಆರೋಗ್ಯ ಪತ್ರ ನೀಡುವುದು ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕತಡೆ ಮತ್ತು ಪ್ರಮಾಣೀಕರಣ ಸೇವೆಯಾಗಿದ್ದು, ಬೆಂಗಳೂರಿನ ಮಟ್ಟಿಗೆ ಅದರ ಕಚೇರಿ ಹೆಸರಘಟ್ಟದಲ್ಲಿದೆ. ಇದರ ಜೊತೆಗೆ ಅಮೆರಿಕದ ಕೃಷಿ ಇಲಾಖೆಯ ಬೇಡಿಕೆಗಳೂ ಇವೆ. ಜೀವಂತ ಪ್ರಾಣಿಯ ಗಾಯದಲ್ಲಿ ಮೊಟ್ಟೆಯಿಡುವ ಸ್ಕ್ರೂವರ್ಮ್ ನೊಣದ ಹುಳು ಭಾರತದಲ್ಲಿ ಇರುವುದರಿಂದ, ಹೊರಡುವ ಮುನ್ನ ಐದು ದಿನಗಳೊಳಗೆ ನಾಯಿಯ ಮೈಯನ್ನು ಪರೀಕ್ಷಿಸಿ ಅಂಥ ಹುಳುವಿಲ್ಲವೆಂದು ಬರೆದುಕೊಡಬೇಕು. ದನಕರುಗಳ ಕಾಲುಬಾಯಿ ರೋಗ ನಮ್ಮಲ್ಲಿ ಉಳಿದಿರುವ ಕಾರಣಕ್ಕೆ ನಾಯಿಯ ಪಾದ, ಕೂದಲು ಮತ್ತು ಹಾಸಿಗೆಯಲ್ಲಿ ಮಣ್ಣು ಇರಕೂಡದು, ಗೂಡಿನಲ್ಲಿ ಹುಲ್ಲು ಹಾಸಕೂಡದು.

ಸ್ಯಾನ್ ಡಿಯಾಗೊದವರಿಗೆ ಸಹಜವಾಗಿ ಹೊಳೆಯುವ ಉಪಾಯವೊಂದಿದೆ: ನಗರದ ಅಂಚಿನಲ್ಲೇ ಇರುವ ಮೆಕ್ಸಿಕೊದ ತಿಹುವಾನಾಕ್ಕೆ ನಾಯಿಯನ್ನು ತಂದು ಸ್ಯಾನ್ ಇಸಿದ್ರೊ ಗಡಿಯ ಮೂಲಕ ಕಾರಿನಲ್ಲಿ ಕರೆತರುವುದು. ಆದರೆ ಹಿಂದಿನ ಆರು ತಿಂಗಳಲ್ಲಿ ಭಾರತದಲ್ಲಿದ್ದು ಇಲ್ಲಿಯೇ ಲಸಿಕೆ ಪಡೆದ ನಾಯಿಗೆ ನೆಲದ ಗಡಿ ತೆರೆಯುವುದಿಲ್ಲ. ಇನ್ನು ಅಮೆರಿಕದಲ್ಲೇ ಲಸಿಕೆ ಹಾಕಿಸಿದ ನಾಯಿಯನ್ನು ಕೆಲವು ತಿಂಗಳ ಮಟ್ಟಿಗೆ ಊರಿಗೆ ಕರೆತರುವವರಿಗೆ ಆರೈಕೆ ಕೇಂದ್ರದ ಕಟ್ಟುಪಾಡು ಇಲ್ಲವಾದರೂ, ಅಮೆರಿಕದ ಲಸಿಕೆಯ ದೃಢೀಕರಣ ಪತ್ರಕ್ಕೆ ಅಲ್ಲಿನ ಕೃಷಿ ಇಲಾಖೆಯ ಮುದ್ರೆಯನ್ನು ನಾಯಿ ಆ ದೇಶ ಬಿಡುವ ಮೊದಲೇ ಪಡೆದಿರಬೇಕು. ಬೆಂಗಳೂರಿಗೆ ಬಂದಿಳಿದ ಮೇಲೆ ಅದನ್ನು ಪಡೆಯುವ ದಾರಿಯಿಲ್ಲ.

ಇಷ್ಟು ಎಲ್ಲ ನಾಯಿಗಳಿಗೂ ಅನ್ವಯಿಸುವ ಮಾತಾಯಿತು. ನಾಯಿಯ ಮೈ ದೊಡ್ಡದಾದಾಗ ಬೇರೊಂದು ಬಗೆಯ ಕಷ್ಟ ಎದುರಾಗುತ್ತದೆ. ಪ್ರಯಾಣಿಕರ ಜೊತೆಗೆ ಕೂರಲು ಹಲವು ವಿಮಾನ ಸಂಸ್ಥೆಗಳು ಅವಕಾಶ ಕೊಡುವುದು ಚೀಲವೂ ಸೇರಿ ಎಂಟು ಕೆ.ಜಿ.ಯ ಆಸುಪಾಸಿನ ಪ್ರಾಣಿಗೆ ಮಾತ್ರ. ಮಾನಸಿಕ ಆಸರೆಯ ಪ್ರಾಣಿಯೆಂಬ ಪತ್ರ ತೋರಿಸಿ ದೊಡ್ಡ ನಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವ ರೂಢಿ, ಅಮೆರಿಕದ ಸಾರಿಗೆ ಇಲಾಖೆ 2021ರ ಜನವರಿಯಲ್ಲಿ ತರಬೇತಿ ಪಡೆದ ಸೇವಾನಾಯಿಗಳಿಗಷ್ಟೇ ಆ ಸವಲತ್ತನ್ನು ಉಳಿಸಿದ ಬಳಿಕ ಮರೆಯಾಯಿತು. ಆದ್ದರಿಂದ ದೊಡ್ಡ ನಾಯಿ ಕಾರ್ಗೊ ವಿಭಾಗದಲ್ಲಿ, ತನ್ನದೇ ಸರಕು ಪತ್ರದೊಡನೆ, ಗಾಳಿಯ ಒತ್ತಡವನ್ನೂ ಉಷ್ಣತೆಯನ್ನೂ ಕಾಯ್ದುಕೊಂಡ ಕೆಳಭಾಗದಲ್ಲಿ ಪ್ರಯಾಣ ಮಾಡುತ್ತದೆ. ಅದರ ಗೂಡಿನ ಅಳತೆಯನ್ನು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಸೂತ್ರ ನಿರ್ಧರಿಸುತ್ತದೆ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ನೆಲದಿಂದ ಮೊಣಕೈ ಕೀಲಿನವರೆಗಿನ ಎತ್ತರದ ಅರ್ಧ ಸೇರಿಸಿದರೆ ಗೂಡಿನ ಒಳ ಉದ್ದ, ಭುಜಗಳ ಅಗಲದ ಎರಡರಷ್ಟು ಗೂಡಿನ ಅಗಲ, ನಿಂತಾಗ ನೆತ್ತಿ ಅಥವಾ ನಿಮಿರಿದ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಕೂಡಿಸಿದರೆ ಗೂಡಿನ ಎತ್ತರ. ನಾಯಿ ತಲೆ ತಗ್ಗಿಸದೆ ನಿಂತು, ತಿರುಗಿ, ಕಾಲು ಚಾಚಿ ಮಲಗಬಲ್ಲಷ್ಟು ಜಾಗವಿರಬೇಕೆಂಬುದು ಈ ಸೂತ್ರದ ಆಶಯ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯ ಜೋಡಿಯೊಂದನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ಕತೆ ಪ್ರಸಿದ್ಧವಾಗಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಎತ್ತರದ ಕಾಲು, ನೀಳ ಮೂತಿ, ಬೆನ್ನಿಗೆ ಅಂಟಿದ ಹೊಟ್ಟೆಯ ಈ ಬೇಟೆನಾಯಿ ತೂಕದಲ್ಲಿ ಇಪ್ಪತ್ತೈದು ಕೆ.ಜಿ.ಯ ಆಸುಪಾಸಿನಲ್ಲಿದ್ದರೂ ಗಾತ್ರದ ಲೆಕ್ಕದಲ್ಲಿ ಬಹಳ ಜಾಗ ಬೇಡುತ್ತದೆ. ಉದ್ದ 100 ಸೆಂ.ಮೀ., ಮೊಣಕೈ ಎತ್ತರ 40, ಭುಜದ ಅಗಲ 25, ನೆತ್ತಿಯ ಎತ್ತರ 90 ಎಂದಿಟ್ಟುಕೊಂಡರೆ ಗೂಡಿನ ಒಳ ಅಳತೆ 120 ಉದ್ದ, 50 ಅಗಲ, 90ಕ್ಕಿಂತ ತುಸು ಹೆಚ್ಚು ಎತ್ತರವಾಗುತ್ತದೆ. ಮರದ ದಪ್ಪವೂ ಅಡಿಪಟ್ಟಿಯೂ ಸೇರಿ ಹೊರ ಅಳತೆ ಸುಮಾರು 126, 60 ಮತ್ತು 100 ಆಗಬಹುದು. ಕಾರ್ಗೊ ಶುಲ್ಕವನ್ನು ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕಹಾಕಿದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ವಿಧಿಸುವುದು ರೂಢಿ, ಮತ್ತು ಗಾತ್ರದ ತೂಕವೆಂದರೆ ಈ ಮೂರು ಅಳತೆಗಳನ್ನು ಗುಣಿಸಿ 6000ದಿಂದ ಭಾಗಿಸಿ ಬಂದ ಸಂಖ್ಯೆ. ಇಲ್ಲಿ ಅದು 126 ಕೆ.ಜಿ. ಇಪ್ಪತ್ತೈದು ಕೆ.ಜಿ.ಯ ನಾಯಿಗೆ ನೂರಿಪ್ಪತ್ತಾರು ಕೆ.ಜಿ.ಯ ದರ ಬೀಳುವುದು ಹೀಗೆ, ಮತ್ತು ಒಟ್ಟು ವೆಚ್ಚ ಕೆಲವು ಲಕ್ಷ ರೂಪಾಯಿಗಳಿಗೆ ಏರುವುದಕ್ಕೂ ಮುಖ್ಯ ಕಾರಣ ಇದೇ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗೂಡುಗಳು ಈ ಎತ್ತರಕ್ಕೆ ಸಾಲದಾದಾಗ ಮರದ ಗೂಡನ್ನು ಮಾಡಿಸಬೇಕಾಗುತ್ತದೆ. ಮರದೊಳಗಿನ ಹುಳು ದೇಶಾಂತರ ಹೋಗದಂತೆ ಆ ಮರವನ್ನು ಶಾಖದಿಂದ ಸಂಸ್ಕರಿಸಿ, ಅದರ ಮೇಲೆ ಅಂತರರಾಷ್ಟ್ರೀಯ ಗುರುತನ್ನು ಒತ್ತಿರಬೇಕು. ಸಣ್ಣ ವಿಮಾನಗಳ ಸರಕು ಬಾಗಿಲಿನಲ್ಲಿ ಇಂಥ ಗೂಡು ತೂರುವುದಿಲ್ಲವಾದ್ದರಿಂದ ಮಾರ್ಗದುದ್ದಕ್ಕೂ ಅಗಲ ದೇಹದ ವಿಮಾನಗಳೇ ಇರುವಂತೆ ನೋಡಿಕೊಳ್ಳಬೇಕು. ಪ್ರಾಣಿಗಳಿಗೆಂದೇ ದೊಡ್ಡ ತಂಗುದಾಣವಿರುವ ಫ್ರಾಂಕ್‌ಫರ್ಟ್‌ನಂಥ ನಿಲ್ದಾಣದಲ್ಲಿ ನಾಯಿಯನ್ನು ಇಳಿಸಿ, ನೀರು ಕೊಟ್ಟು, ವಿಶ್ರಾಂತಿ ಕೊಡಿಸಿ ಮುಂದಕ್ಕೆ ಕಳುಹಿಸುವುದು ಒಳ್ಳೆಯ ಆಯ್ಕೆ.

ಪ್ರಯಾಣವನ್ನು ನಾಯಿ ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ಗೂಡಿನೊಂದಿಗೆ ಅದಕ್ಕಿರುವ ಪರಿಚಯ. ಎರಡು ಮೂರು ತಿಂಗಳ ಮೊದಲೇ ಗೂಡನ್ನು ಮನೆಯೊಳಗೆ ತಂದಿಟ್ಟು, ಬಾಗಿಲು ತೆರೆದಿಟ್ಟು, ಊಟವನ್ನು ಅದರೊಳಗೇ ಬಡಿಸಿ, ಕ್ರಮೇಣ ಬಾಗಿಲು ಮುಚ್ಚುವ ಹೊತ್ತನ್ನು ಹೆಚ್ಚಿಸಿದರೆ, ಹೊರಡುವ ದಿನ ಅದು ಸೆರೆಯೆನಿಸದೆ ತನ್ನ ಮಲಗುವ ಜಾಗವೆನಿಸುತ್ತದೆ. ಗೂಡಿಗೆ ಸಿಕ್ಕಿಸಿದ ಬಟ್ಟಲಿನಿಂದ ನೀರು ಕುಡಿಯುವುದನ್ನೂ ಮೊದಲೇ ಕಲಿಸಬೇಕು. ನಾಯಿ ಹೆದರೀತೆಂದು ಮಂಪರಿನ ಮದ್ದು ಕೊಡುವುದು ಪ್ರೀತಿಯಿಂದ ಮಾಡುವ ಅಪಾಯದ ಕೆಲಸ. ಅದು ರಕ್ತದೊತ್ತಡವನ್ನು ತಗ್ಗಿಸಿ, ಉಸಿರಾಟವನ್ನೂ ದೇಹದ ಸಮತೋಲನವನ್ನೂ ಕೆಡಿಸಬಲ್ಲದಾದ್ದರಿಂದ ಪಶುವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಬಾಕ್ಸರ್, ಬುಲ್‌ಮ್ಯಾಸ್ಟಿಫ್‌ನಂಥ ಚಪ್ಪಟೆ ಮೂತಿಯ ದೊಡ್ಡ ನಾಯಿಗಳ ಉಸಿರಿನ ದಾರಿ ಹುಟ್ಟಿನಿಂದಲೇ ಕಿರಿದಾಗಿದ್ದು, ಸೆಕೆಯಲ್ಲಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುವ ಶಕ್ತಿ ಅವಕ್ಕೆ ಕಡಿಮೆ. ಹಲವು ವಿಮಾನ ಸಂಸ್ಥೆಗಳು ಅವನ್ನು ಒಯ್ಯಲು ಒಪ್ಪುವುದೇ ಇಲ್ಲ. ಅಂಥ ನಾಯಿಯನ್ನೂ, ಹೃದಯದ ತೊಂದರೆಯಿರುವ ಮುದಿ ನಾಯಿಯನ್ನೂ ಹೇಗಾದರೂ ಕರೆದೊಯ್ಯಲೇಬೇಕೆಂದು ಹಟ ಹಿಡಿಯುವುದಕ್ಕಿಂತ, ಅದು ಬಲ್ಲ ಅಜ್ಜಿ ತಾತಂದಿರ ಮನೆಯಲ್ಲೋ ನೆಂಟರ ಮನೆಯಲ್ಲೋ ತಿಂಗಳುಗಳ ಮೊದಲೇ ರೂಢಿ ಮಾಡಿಸಿ ಬಿಟ್ಟುಹೋಗುವುದು ಆ ಜೀವಕ್ಕೆ ಮಾಡುವ ದೊಡ್ಡ ಉಪಕಾರ. ಬೀದಿಗೆ ಬಿಟ್ಟು ಹೋಗುವುದಂತೂ ಕ್ರೌರ್ಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅದು ಅಪರಾಧವೂ ಹೌದು.

ಇಳಿದ ಮೇಲೆ ಮೊದಲ ತೊಡಕು ಬಾಡಿಗೆ ಮನೆ. ತಳಿಯ ಹೆಸರು ಹಿಡಿದು ನಾಯಿಯನ್ನು ಅಪಾಯಕಾರಿ ಎಂದು ಘೋಷಿಸಲು ಕ್ಯಾಲಿಫೋರ್ನಿಯಾದ ಕಾನೂನು ನಗರಾಡಳಿತಗಳಿಗೆ ಅವಕಾಶ ಕೊಡದಿದ್ದರೂ, ಮನೆಮಾಲೀಕರು ಜರ್ಮನ್ ಶೆಫರ್ಡ್, ರಾಟ್‌ವೈಲರ್, ಡಾಬರ್‌ಮನ್ ಬೇಡವೆನ್ನಬಹುದು, ತೂಕದ ಮಿತಿಯನ್ನೂ ಹಾಕಬಹುದು. 2024ರ ಜುಲೈ 1ರಿಂದ ಠೇವಣಿಯ ಮೊತ್ತ, ಸಾಕುಪ್ರಾಣಿಯ ಹೆಸರಿನಲ್ಲಿ ಪಡೆಯುವುದೂ ಸೇರಿ, ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ ಎಂಬುದು ಹೊಸಬರಿಗೆ ತಿಳಿದಿರಬೇಕಾದ ಸಂಗತಿ. ನಾಯಿ ಕಚ್ಚಿದರೆ ಹಿಂದೆಂದೂ ಅದು ಕಚ್ಚಿರಲಿಲ್ಲ ಎಂಬ ಸಮರ್ಥನೆ ಆ ರಾಜ್ಯದಲ್ಲಿ ನಡೆಯುವುದಿಲ್ಲ; ನಷ್ಟಭರ್ತಿ ಮಾಲೀಕರ ಹೊಣೆ. ನಾಲ್ಕು ತಿಂಗಳು ದಾಟಿದ ನಾಯಿಗೆ ಎರಡೂ ನಗರಗಳಲ್ಲಿ ಪರವಾನಗಿ ಬೇಕು. ಲಾಸ್ ಏಂಜಲೀಸ್ ನಗರದಲ್ಲಿ 2008ರ ಕಟ್ಟಳೆಯಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಕಡ್ಡಾಯ.

ದೊಡ್ಡ ನಾಯಿಗೆ ಓಡಲು ಬೇಕಾದ ಬಯಲಿನ ಮಟ್ಟಿಗೆ ಸ್ಯಾನ್ ಡಿಯಾಗೊ ಹೆಚ್ಚು ಉದಾರವಾಗಿದೆ. ಓಷನ್ ಬೀಚಿನ ಉತ್ತರ ತುದಿಯಲ್ಲಿ 1970ರ ದಶಕದಿಂದಲೂ ನಾಯಿಗಳು ಸರಪಣಿಯಿಲ್ಲದೆ ಓಡುವ ಕಡಲತೀರವಿದೆ, ಫಿಯೆಸ್ಟಾ ಐಲೆಂಡಿನಲ್ಲಿ ವಿಸ್ತಾರವಾದ ಬಯಲಿದೆ. ಲಾಸ್ ಏಂಜಲೀಸ್ ಕಡೆಯಲ್ಲಿ ಬಹುತೇಕ ಕಡಲತೀರಗಳಿಗೆ ನಾಯಿಗೆ ಪ್ರವೇಶವಿಲ್ಲದಿದ್ದು, ಅಂಥ ಅವಕಾಶಕ್ಕೆ ಲಾಂಗ್ ಬೀಚಿನ ರೋಸೀಸ್ ಡಾಗ್ ಬೀಚಿಗೆ ಹೋಗಬೇಕು; ಬೆಟ್ಟದ ಹಾದಿ ಬಯಸುವವರಿಗೆ ರನ್ಯನ್ ಕ್ಯಾನ್ಯನ್ ಉದ್ಯಾನವಿದೆ. ಆದರೆ ಚಲಿಸುವುದೆಲ್ಲವನ್ನೂ ಕಣ್ಣಿನಿಂದ ಹಿಡಿದು ಬೆನ್ನಟ್ಟುವ ಮುಧೋಳದಂಥ ನಾಯಿಯನ್ನು ಬೇಲಿಯಿಲ್ಲದ ಕಣಿವೆಗಳಲ್ಲಿ ಬಿಡಲಾಗದು, ಏಕೆಂದರೆ ಅಲ್ಲಿ ಕಯೋಟಿ ಎಂಬ ತೋಳದ ಬಂಧುವೂ, ಬೇಸಿಗೆಯುದ್ದಕ್ಕೂ ಬಿಸಿಲು ಕಾಯುವ ಬುಡುಬುಡಿಕೆ ಹಾವೂ ಇರುತ್ತವೆ. ವಸಂತ ಕಳೆದು ಹುಲ್ಲು ಒಣಗಿದಾಗ ಫಾಕ್ಸ್‌ಟೇಲ್ ಎಂಬ ಹುಲ್ಲಿನ ಮುಳ್ಳುತೆನೆ ಬೆರಳ ಸಂದಿಯಲ್ಲೋ ಕಿವಿಯಲ್ಲೋ ಹೊಕ್ಕರೆ, ಅದರ ಕೊಕ್ಕೆಗಳು ಮುಂದಕ್ಕೇ ಸರಿಯುವಂತಿರುವುದರಿಂದ ಪಶುವೈದ್ಯರೇ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ; ತಿರುಗಾಟದಿಂದ ಬಂದ ಕೂಡಲೇ ಪಾದಗಳನ್ನು ಬಿಡಿಸಿ ನೋಡುವುದು ಅಲ್ಲಿನ ನಾಯಿ ಸಾಕುವವರ ದಿನಚರಿ. ಮಲೆನಾಡು ಕರಾವಳಿಗಳಲ್ಲಿ ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್ 2021ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ನಾಯಿಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡ ಮೇಲೆ ಅದರ ಲಸಿಕೆಯನ್ನೂ ಹಾಕಿಸುವಂತೆ ಅಲ್ಲಿನ ಪಶುವೈದ್ಯರು ಹೇಳುತ್ತಾರೆ, ಮತ್ತು ಊರಿನಲ್ಲಿ ಹಾಕಿಸಿದ ಲಸಿಕೆಗಳ ಪುಸ್ತಕವನ್ನು ಮೊದಲ ಭೇಟಿಗೇ ಕೊಂಡೊಯ್ದರೆ ಯಾವುದನ್ನು ಮತ್ತೆ ಹಾಕಬೇಕು, ಯಾವುದು ಬೇಡ ಎಂಬುದನ್ನು ಅವರು ಅಂದೇ ತೀರ್ಮಾನಿಸಬಲ್ಲರು.