ಬೋರ್ಡಿನ ಒಂದು ಗೆರೆ ಎರಡಾಗಿ ಕಂಡರೆ?

ಮಗು ತಲೆನೋವು ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಮೊದಲು ಹಣೆಗೆ ಬಾಮು, ಆಮೇಲೆ ಗುಳಿಗೆ, ಅದಕ್ಕೂ ಬಗ್ಗದಿದ್ದರೆ ಕನ್ನಡಕ. ಬಹುಪಾಲು ತಲೆನೋವು ಇಷ್ಟಕ್ಕೇ ಮುಗಿಯುತ್ತದೆ, ನಿಜ. ಆದರೆ ನೆತ್ತಿಯಲ್ಲೋ ಕಣ್ಣಿನ ಹಿಂದೆಯೋ ವಾರಗಟ್ಟಲೆ ಕೊರೆಯುವ ನೋವಿನ ಜೊತೆಗೆ, ಬೋರ್ಡಿನ ಮೇಲಿನ ಒಂದು ಗೆರೆ ಎರಡಾಗಿ ಕಾಣತೊಡಗಿದರೆ?

ಮೂಗಿನ ತೀರ ಹಿಂದೆ, ತಲೆಬುರುಡೆಯ ನಟ್ಟನಡುವೆ ಗಾಳಿ ತುಂಬಿದ ಒಂದು ಪೊಳ್ಳು ಇದೆ. ಅದೇ ಸ್ಫೀನಾಯ್ಡ್ ಸೈನಸ್. ಗ್ರೀಕ್ ಭಾಷೆಯಲ್ಲಿ ಸ್ಫೀನ್ ಎಂದರೆ ಬೆಣೆ. ಗುದ್ದಲಿಯ ಕಾವು ಸಡಿಲಾದಾಗ ಬಡಿಯುತ್ತೇವಲ್ಲ, ಅದು. ಮಗುವಿಗೆ ಮೂರು ವರ್ಷವಾಗುವ ಸುಮಾರಿಗೆ ಈ ಎಲುಬಿನೊಳಗೆ ಗಾಳಿ ಸೇರತೊಡಗಿ, ಹರೆಯದ ಹೊತ್ತಿಗೆ ಪೊಳ್ಳು ದೊಡ್ಡದಾಗುತ್ತದೆ. ಅದರ ಚಾವಣಿಯ ಮೇಲೆ ಪಿಟ್ಯುಟರಿ ಗ್ರಂಥಿ. ಪಕ್ಕದ ಗೋಡೆಗಳಿಗೆ ಅಂಟಿಕೊಂಡೇ ದೃಷ್ಟಿಯ ನರ, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ, ಕಣ್ಣುಗುಡ್ಡೆ ಹೊರಳಿಸುವ ನರಗಳು. ಹೀಗಾಗಿ ಒಳಗೆ ಗಡ್ಡೆ ಬೆಳೆದರೆ ಎಷ್ಟೋ ಸಲ ಮೂಗಿಗಿಂತ ಮೊದಲು ಕಣ್ಣೇ ದೂರು ಹೇಳುತ್ತದೆ. ಆರನೆಯ ಕಪಾಲ ನರ ಒತ್ತಡಕ್ಕೆ ಸಿಕ್ಕಿದರೆ ಆ ಬದಿಯ ಕಣ್ಣು ಹೊರಕ್ಕೆ ಹೊರಳದು. ಒಂದು ವಸ್ತು ಎರಡಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ. ಯಾವ ಕಣ್ಣು ಮುಚ್ಚಿದರೂ ಎರಡನೆಯ ಬಿಂಬ ಮಾಯವಾದರೆ, ಎರಡೂ ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಕಾರಣ ಗಡ್ಡೆಯೇ ಆಗಬೇಕೆಂದಿಲ್ಲ. ಆದರೆ ಹೋಗಬೇಕಾದ್ದು ಕನ್ನಡಕದ ಅಂಗಡಿಗಲ್ಲ, ವೈದ್ಯರ ಬಳಿಗೆ, ಅದೂ ತಡಮಾಡದೆ.

ಸಾದಾ ಎಕ್ಸ್‌ರೇಯಲ್ಲಿ ಸುತ್ತಲಿನ ಎಲುಬುಗಳ ನೆರಳು ಒಂದರ ಮೇಲೊಂದು ಬಿದ್ದು ಈ ಜಾಗ ಸ್ಪಷ್ಟವಾಗುವುದಿಲ್ಲ. ಕಿವಿ-ಮೂಗು-ಗಂಟಲು ತಜ್ಞರು ಎಂಡೋಸ್ಕೋಪು ತೂರಿಸಿ ಮೂಗಿನೊಳಗೆ ನೋಡುತ್ತಾರೆ. ಗೋಡೆಯ ಎಲುಬು ಸವೆದಿದೆಯೇ ಎಂಬುದನ್ನು ಸಿ.ಟಿ. ಸ್ಕ್ಯಾನ್ ಹೇಳುತ್ತದೆ. (1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಈ ವಿಧಾನದಿಂದ ಚಿತ್ರಿಸಿದ ಯಂತ್ರದ ಹಿಂದಿದ್ದ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಇಂಜಿನಿಯರ್. 1979ರಲ್ಲಿ ಕಾರ್ಮ್ಯಾಕ್ ಜೊತೆ ವೈದ್ಯಶಾಸ್ತ್ರದ ನೊಬೆಲ್ ಪಡೆದರು.) ದಾರಿ ಕಟ್ಟಿ ನಿಂತ ದ್ರವ ಯಾವುದು, ಗಡ್ಡೆ ಯಾವುದು ಎಂದು ಬೇರ್ಪಡಿಸಿ ತೋರಿಸುವುದು ಎಂ.ಆರ್.ಐ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಕೊನೆಯ ಮಾತು. ಆದರೆ ಅವಸರ ಸಲ್ಲದು! ಉಬ್ಬಿದ ಧಮನಿಯೂ ಗಡ್ಡೆಯ ವೇಷದಲ್ಲಿರಬಹುದು. ಅದಕ್ಕೆ ಚಿಮ್ಮಟ ತಾಗಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ಮೊದಲು ಚಿತ್ರ, ಆಮೇಲೆ ಚೂರು. ಶಿಲೀಂಧ್ರದ ಸೋಂಕು, ಮೇಲಿನಿಂದ ಇಳಿದ ಪಿಟ್ಯುಟರಿ ಗಡ್ಡೆಗಳೂ ಇಲ್ಲಿ ಗೊಂದಲ ಹುಟ್ಟಿಸುವುದುಂಟು.

ಸೈನಸ್ ಗಡ್ಡೆಗಳೇ ಅಪರೂಪ. ಸ್ಫೀನಾಯ್ಡಿನವು ಅವುಗಳಲ್ಲೂ ಅಪರೂಪ. ಬೆಳಗಾವಿ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗಳಿಗೆ ಹೋಗುವಾಗ ಹಳೆಯ ಸ್ಕ್ಯಾನ್ ಫಿಲ್ಮುಗಳನ್ನು ಅಟ್ಟದಿಂದ ಇಳಿಸಿ ಜೊತೆಗೊಯ್ಯಿರಿ. ಹಳೆಯದನ್ನೂ ಹೊಸದನ್ನೂ ಎದುರುಬದುರು ಹಿಡಿದಾಗಲೇ ಗಡ್ಡೆ ಎಷ್ಟು ಬೆಳೆದಿದೆ ಎಂಬುದು ವೈದ್ಯರಿಗೆ ತಿಳಿಯುವುದು.