ಮೊಬೈಲಿನ ರಾಶಿಯಲ್ಲಿ ಮರೆಯಾಗುವ ಆರೋಗ್ಯ ದಾಖಲೆಗಳು

ವೈದ್ಯರ ಕೊಠಡಿಯಲ್ಲಿ ಈಗ ಆಗಾಗ ಕಾಣುವ ದೃಶ್ಯವೊಂದಿದೆ. ವಯಸ್ಸಾದ ತಾಯಿಯನ್ನು ಕರೆತಂದ ಮಗನನ್ನು ವೈದ್ಯರು, “ಕಳೆದ ಸಲದ ಇಸಿಜಿ ಇದೆಯೇ?” ಎಂದು ಕೇಳುತ್ತಾರೆ. “ಮೊಬೈಲಿನಲ್ಲಿದೆ” ಎಂದು ಮಗ ಹುಡುಕತೊಡಗುತ್ತಾನೆ. ಶುಭೋದಯದ ಹೂವುಗಳು, ಹಬ್ಬದ ಶುಭಾಶಯಗಳು, ಮದುವೆಯ ಚಿತ್ರಗಳು, ಯಾರೋ ಕಳುಹಿಸಿದ ಹಾಸ್ಯದ ವಿಡಿಯೋಗಳು ಒಂದರ ಹಿಂದೊಂದು ಸರಿಯುತ್ತವೆ. ಬೇಕಾದುದು ಮಾತ್ರ ಸಿಗುವುದಿಲ್ಲ. ಹೊರಗೆ ಸರದಿಯಲ್ಲಿ ಜನ ಕಾಯುತ್ತಿರುತ್ತಾರೆ. ಕೊನೆಗೆ ವೈದ್ಯರು ಹಳೆಯ ವರದಿಯಿಲ್ಲದೆಯೇ ನಿರ್ಧಾರ ಕೈಗೊಳ್ಳಬೇಕಾಗುತ್ತದೆ.

ಇದು ಸಣ್ಣ ನಷ್ಟವಲ್ಲ. ಇಸಿಜಿಯಲ್ಲಿ ಕಾಣುವ ವ್ಯತ್ಯಾಸವು ಹೊಸದೋ, ಹಲವು ವರ್ಷಗಳಿಂದ ಇರುವುದೋ ಎಂಬುದು ಹಳೆಯದರೊಡನೆ ಹೋಲಿಸಿ ನೋಡಿದಾಗ ಸ್ಪಷ್ಟವಾಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ 2–3 ತಿಂಗಳುಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಸೂಚಿಸುತ್ತದೆ. ಆದರೆ ರೋಗ ಹತೋಟಿಗೆ ಬರುತ್ತಿದೆಯೇ ಎಂದು ತಿಳಿಯಲು ಒಂದು ಸಂಖ್ಯೆ ಸಾಲದು, ಅದರ ಹಿಂದಿನ ಸಂಖ್ಯೆಗಳೂ ಬೇಕು. ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಮಾತೂ ಇದೇ. ಆದುದರಿಂದ ಮೊಬೈಲನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಕೇವಲ ಯಂತ್ರದ ವಿಚಾರವಲ್ಲ, ಆರೋಗ್ಯದ ವಿಚಾರವೂ ಹೌದು.

ರಾಶಿ ಬೆಳೆಯುವುದೇಕೆ?

ಹಿಂದೆ ಒಂದು ಫಿಲ್ಮ್ ಸುರುಳಿಯಲ್ಲಿ 36 ಚಿತ್ರಗಳನ್ನು ತೆಗೆಯಬಹುದಿತ್ತು. ಪ್ರತಿಯೊಂದಕ್ಕೂ ವೆಚ್ಚ ತಗಲುತ್ತಿದ್ದುದರಿಂದ ಯೋಚಿಸಿ ತೆಗೆಯುತ್ತಿದ್ದೆವು. ಕಾಗದಪತ್ರಗಳಿದ್ದ ಪೆಟ್ಟಿಗೆ ತುಂಬಿದಾಗ ಅದನ್ನು ತೆರೆದು ಆರಿಸಲೇಬೇಕಿತ್ತು. ಮೊಬೈಲಿನಲ್ಲಿ ಉಳಿಸಿಕೊಳ್ಳಲು ಶ್ರಮವೇ ಬೇಡ. ಅನೇಕ ವೇಳೆ ನಮ್ಮ ಅರಿವಿಲ್ಲದೆಯೇ ಎಲ್ಲವೂ ಬಂದು ಕೂಡುತ್ತದೆ. ಅಳಿಸಬೇಕಾದರೆ ಮಾತ್ರ ಒಂದೊಂದನ್ನೂ ನೋಡಿ ತೀರ್ಮಾನಿಸಬೇಕು. ಈ ಅಸಮತೋಲನವೇ ರಾಶಿಯ ಮೂಲ. “ಮುಂದೆಂದಾದರೂ ಬೇಕಾದೀತು” ಎಂಬ ಭಯವು ಅದನ್ನು ಇನ್ನಷ್ಟು ಬೆಳೆಸುತ್ತದೆ.

ಈ ಭಯವು ರೋಗದ ಹಂತವನ್ನು ತಲುಪಬಹುದೆಂಬುದನ್ನು ನೆದರ್ಲೆಂಡ್ಸ್‌ನ ವೈದ್ಯರು 2015ರಲ್ಲಿ ವರದಿ ಮಾಡಿದರು. ಅವರ ಬಳಿಗೆ ಬಂದ ವ್ಯಕ್ತಿಯೊಬ್ಬರು ದಿನಕ್ಕೆ ಸುಮಾರು 1,000 ಚಿತ್ರಗಳನ್ನು ತೆಗೆದು ಕೂಡಿಡುತ್ತಿದ್ದರು. ಅವನ್ನು ಮತ್ತೆ ನೋಡುತ್ತಿರಲಿಲ್ಲ. ಆದರೂ ಮುಂದೆ ಉಪಯೋಗಕ್ಕೆ ಬರುವುದೆಂದು ದೃಢವಾಗಿ ನಂಬಿದ್ದರು. ನಮ್ಮಲ್ಲಿ ಹೆಚ್ಚಿನವರಿಗೆ ಇಂತಹ ಸ್ಥಿತಿ ಇಲ್ಲ. ಆದರೆ ಅಳಿಸಲು ಹಿಂಜರಿಯುವ ಮನಸ್ಸು ನಮಗೆ ಅಪರಿಚಿತವೇನೂ ಅಲ್ಲ.

ಮೊದಲು ಆರಿಸುವುದು, ಆಮೇಲೆ ಅಳಿಸುವುದು

ಮೊರದಲ್ಲಿ ಕೇರುವಾಗ ಕಾಳು ಉಳಿದು ಹೊಟ್ಟು ಹಾರುತ್ತದೆ. ಮೊಬೈಲಿನಲ್ಲಿ ಅವಸರಪಟ್ಟರೆ ಕಾಳೂ ಹಾರಿಹೋಗಬಹುದು. ಆದುದರಿಂದ ಅಳಿಸುವ ಕೆಲಸಕ್ಕೆ ಮೊದಲೇ ಕೈಹಾಕಬಾರದು.

ಮೊದಲಿಗೆ ಆರೋಗ್ಯಕ್ಕೆ ಸಂಬಂಧಿಸಿದ ಚಿತ್ರಗಳನ್ನೂ ಪಿಡಿಎಫ್ ಕಡತಗಳನ್ನೂ ಹುಡುಕಿ ‘ಆರೋಗ್ಯ’ ಎಂಬ ಒಂದೇ ಫೋಲ್ಡರಿಗೆ ಸೇರಿಸಬೇಕು. ಮನೆಯ ಪ್ರತಿಯೊಬ್ಬರಿಗೂ ಅದರೊಳಗೆ ಒಂದೊಂದು ವಿಭಾಗವಿರಲಿ. ಕಡತದ ಹೆಸರು ದಿನಾಂಕದಿಂದ ಆರಂಭವಾಗಲಿ. ಅದರಲ್ಲಿಯೂ ವರ್ಷ ಮೊದಲು, ಬಳಿಕ ತಿಂಗಳು, ದಿನ, ಕೊನೆಗೆ ಪರೀಕ್ಷೆಯ ಹೆಸರು. ‘2025-03-14 ಇಸಿಜಿ’ ಎಂದು ಬರೆದರೆ, ಹೆಸರಿನ ಅನುಕ್ರಮದಲ್ಲಿ ನೋಡಿದಾಗ ವರದಿಗಳು ಕಾಲಕ್ರಮದಲ್ಲಿಯೇ ಸಾಲಾಗಿ ನಿಲ್ಲುತ್ತವೆ. ಕಾಗದದ ಮೇಲಿರುವ ಇಸಿಜಿಯ ಚಿತ್ರವನ್ನೂ ತೆಗೆದಿಡಬೇಕು. ಶಾಖದಿಂದ ಮುದ್ರಿತವಾಗುವ ಅಂತಹ ಕಾಗದದ ಗೆರೆಗಳು ಕ್ರಮೇಣ ಮಾಸಿಹೋಗುತ್ತವೆ.

ಇದೇ ಫೋಲ್ಡರಿನಲ್ಲಿ ಒಂದು ಪುಟದ ಸಾರಾಂಶವನ್ನೂ ಇಡುವುದು ಒಳಿತು. ಈಗ ಸೇವಿಸುತ್ತಿರುವ ಔಷಧಗಳು ಮತ್ತು ಪ್ರಮಾಣ, ಅಲರ್ಜಿಯುಂಟುಮಾಡುವ ಔಷಧ, ಆಗಿರುವ ಶಸ್ತ್ರಚಿಕಿತ್ಸೆಗಳು ಅದರಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಪ್ಪದೆ ನಮೂದಿಸಬೇಕು.

ಎರಡನೆಯದಾಗಿ, ಹೊಸ ಕಸ ಬರುವ ಬಾಗಿಲನ್ನು ಮುಚ್ಚಬೇಕು. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಎಂಬಲ್ಲಿಗೆ ಹೋಗಿ, ಚಿತ್ರ ಮತ್ತು ವಿಡಿಯೋಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸಬಹುದು. ಬಳಿಕ ನಾವು ಬೆರಳಿಟ್ಟು ತೆರೆದವು ಮಾತ್ರ ಮೊಬೈಲಿನಲ್ಲಿ ಉಳಿಯುತ್ತವೆ. ಹೀಗೆ ಮಾಡಿದವರು ಪ್ರಯೋಗಾಲಯದಿಂದ ಬಂದ ವರದಿಯನ್ನು ಅದೇ ದಿನ ತೆರೆದು ಉಳಿಸಿಕೊಳ್ಳಬೇಕು; ಬಹುಕಾಲ ಬಿಟ್ಟರೆ ಅದು ಮತ್ತೆ ಸಿಗದಿರಬಹುದು.

ಮೂರನೆಯದಾಗಿ ಅಳಿಸುವ ಕೆಲಸ. ವಾಟ್ಸಾಪ್‌ನ ಅದೇ ಭಾಗದಲ್ಲಿರುವ ‘ಮ್ಯಾನೇಜ್ ಸ್ಟೋರೇಜ್’ 5 ಎಂಬಿಗಿಂತ ದೊಡ್ಡ ಕಡತಗಳನ್ನೂ, ಹಲವು ಬಾರಿ ಫಾರ್ವರ್ಡ್ ಆದವನ್ನೂ ಬೇರೆಯಾಗಿ ತೋರಿಸುತ್ತದೆ. ಅಲ್ಲಿಂದ ಆರಂಭಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬಹಳ ಜಾಗ ತೆರವಾಗುತ್ತದೆ. ಗೂಗಲ್ ಫೋಟೋಸ್ ಬಳಸುವವರು ಒಂದು ಎಚ್ಚರ ವಹಿಸಬೇಕು. ಬ್ಯಾಕಪ್ ಆಗಿರುವ ಚಿತ್ರವನ್ನು ಅದರೊಳಗಿಂದ ಅಳಿಸಿದರೆ ಮೊಬೈಲಿನ ಪ್ರತಿಯೊಡನೆ ಗೂಗಲ್ ಖಾತೆಯಲ್ಲಿರುವ ಪ್ರತಿಯೂ ಹೋಗುತ್ತದೆ. ಮೊಬೈಲಿನ ಜಾಗವಷ್ಟೇ ತೆರವಾಗಬೇಕೆಂದಿದ್ದರೆ ‘ಫ್ರೀ ಅಪ್ ಸ್ಪೇಸ್’ ಎಂಬ ಆಯ್ಕೆಯನ್ನು ಬಳಸಬೇಕು. ತಪ್ಪಿ ಅಳಿಸಿದ, ಬ್ಯಾಕಪ್ ಆಗಿದ್ದ ಚಿತ್ರವು 60 ದಿನಗಳವರೆಗೆ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಮರಳಿ ಪಡೆಯಬಹುದು.

ಎರಡನೆಯ ಪ್ರತಿ ಇರಲಿ

ಮೊಬೈಲು ಕಳೆಯಬಹುದು, ನೀರಿಗೆ ಬೀಳಬಹುದು. ಆದುದರಿಂದ ‘ಆರೋಗ್ಯ’ ಫೋಲ್ಡರಿನ ಪ್ರತಿಯೊಂದು ಗೂಗಲ್ ಡ್ರೈವ್‌ನಲ್ಲಿಯೋ ಪೆನ್‌ಡ್ರೈವ್‌ನಲ್ಲಿಯೋ ಇರಬೇಕು. ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸ ಚಿತ್ರಗಳೆಲ್ಲವೂ ಈ ಲೆಕ್ಕಕ್ಕೆ ಸೇರುತ್ತಿವೆ. ಜಾಗ ತುಂಬಿದರೆ ಹೊಸ ಇಮೇಲ್ ಬರುವುದೇ ನಿಲ್ಲಬಹುದು. ಬೇಡದ ವಿಡಿಯೋಗಳ ಭಾರದಿಂದ ಆಸ್ಪತ್ರೆಯ ವರದಿ ತಲುಪದೆ ಹೋಗುವ ಸಂದರ್ಭ ಹೀಗೆ ಒದಗುತ್ತದೆ.

ಸರ್ಕಾರದ ವ್ಯವಸ್ಥೆಯೂ ನೆರವಿಗಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆಯಬಹುದು. ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳು ಜೋಡಿಸಿದ ದಾಖಲೆಗಳನ್ನು ನಾವು ಒಂದೆಡೆ ನೋಡಬಹುದು. ನಮ್ಮ ಒಪ್ಪಿಗೆಯ ಮೇರೆಗೆ ಬೇರೆ ವೈದ್ಯರಿಗೂ ತೋರಿಸಬಹುದು.

ತುರ್ತು ಸಮಯಕ್ಕಾಗಿ ಇನ್ನೊಂದು ಕೆಲಸ ಉಳಿದಿದೆ. ಈಗಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ರಕ್ತದ ಗುಂಪು, ಅಲರ್ಜಿ ಮತ್ತು ಸಂಪರ್ಕಿಸಬೇಕಾದವರ ಹೆಸರನ್ನು ಬರೆದಿಟ್ಟರೆ, ಪರದೆಯ ಬೀಗ ತೆರೆಯದೆಯೇ ಇತರರು ಅದನ್ನು ಓದಬಹುದು. ದಾರಿಯಲ್ಲಿ ಪ್ರಜ್ಞೆ ತಪ್ಪಿದವರ ಪಾಲಿಗೆ ಈ ನಾಲ್ಕು ಸಾಲುಗಳು ಬಹಳ ದೊಡ್ಡ ಸಹಾಯ.

ಇವೆಲ್ಲವನ್ನೂ ಒಂದೇ ದಿನ ಮುಗಿಸಬೇಕಾಗಿಲ್ಲ. ತಿಂಗಳಿಗೊಮ್ಮೆ, ವಿದ್ಯುತ್ ಬಿಲ್ಲು ಕಟ್ಟುವ ದಿನವೇ ಆಗಲಿ, ಅರ್ಧ ಗಂಟೆ ಇದಕ್ಕೆಂದು ಮೀಸಲಿಟ್ಟರೆ ಸಾಕು. ಮನೆಯ ಹಿರಿಯರ ಮೊಬೈಲನ್ನು ಕಿರಿಯರು ಅವರ ಪಕ್ಕದಲ್ಲಿಯೇ ಕುಳಿತು, ಅವರನ್ನು ಕೇಳುತ್ತ ಸರಿಪಡಿಸಲಿ. ನಮಗೆ ಕಸವೆಂದು ತೋರುವ ಚಿತ್ರವೊಂದು ಅವರಿಗೆ ಅಗಲಿದ ಗೆಳೆಯರು ಕಳುಹಿಸಿದ ಕೊನೆಯ ಸಂದೇಶವಾಗಿರಬಹುದು. ಅಂಥದು ಉಳಿಯಲಿ. ಉಳಿಸಬೇಕಾದುದನ್ನು ಅರಿತು ಉಳಿಸಿದಾಗ, ಅಳಿಸುವ ಕೈಗೆ ಭಯವಿರುವುದಿಲ್ಲ. ಮುಂದಿನ ಸಲ ವೈದ್ಯರು ಕೇಳಿದ ಕೂಡಲೇ ವರದಿಯೂ ಅವರ ಕಣ್ಣ ಮುಂದಿರುತ್ತದೆ.