ಮನೆಯೇ ಗಾಡಿ, ಗಾಡಿಯೊಳಗೊಂದು ಕಾರು!

ಮೋಟರ್ ಹೋಮ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮಲಗುವ ಕೋಣೆ, ಅಡುಗೆಮನೆ, ಬಾತ್‌ರೂಮ್ ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ಆದರೆ ಅದರ ಹೊಟ್ಟೆಯೊಳಗೆ ಒಂದು ಕಾರೂ ಕೂತಿರುತ್ತದೆ ಅಂದರೆ ನಂಬುತ್ತೀರಾ? ಜರ್ಮನಿಯಲ್ಲಿ ಇಂಥ ಗಾಡಿ ಕಟ್ಟುವ ಕಂಪೆನಿಗಳೇ ಇವೆ.

ಅಷ್ಟು ದೊಡ್ಡ ಗಾಡಿ ಇರುವಾಗ ಇನ್ನೊಂದು ಕಾರು ಯಾಕೆ ಅಂತ ಕೇಳಬಹುದು. ಒಮ್ಮೆ ಗಾಡಿ ನಿಲ್ಲಿಸಿ, ಕರೆಂಟಿನ ವಯರ್, ನೀರಿನ ಪೈಪ್ ಜೋಡಿಸಿ, ಹೊರಗೆ ಚಪ್ಪರ ಬಿಡಿಸಿದ ಮೇಲೆ ಅದು ಮನೆಯೇ. ಒಂದು ಪ್ಯಾಕೆಟ್ ಹಾಲಿಗಾಗಿ ಮನೆಯನ್ನೇ ಕಿತ್ತುಕೊಂಡು ಹೋಗಲು ಆಗುತ್ತದೆಯೇ? ಯುರೋಪಿನ ಹಳೇ ಪೇಟೆಗಳ ಗಲ್ಲಿಗಳಲ್ಲಿ 12 ಮೀಟರ್ ಉದ್ದದ ಗಾಡಿ ತಿರುಗುವುದೂ ಇಲ್ಲ. ಇಂಥ ಗಾಡಿಯಲ್ಲಿ ಊರೂರು ಸುತ್ತುವವರಲ್ಲಿ ನಿವೃತ್ತ ದಂಪತಿಗಳು ಬಹಳ. ನಡುರಾತ್ರಿ ಒಬ್ಬರಿಗೆ ಎದೆನೋವು ಬಂದರೆ? ಆಗ ಕೈಗೆಟಕುವ ಸಣ್ಣ ಕಾರು ಶೋಕಿ ಅಲ್ಲ, ಧೈರ್ಯ.

ಬವೇರಿಯಾದ ಶ್ಲುಸೆಲ್‌ಫೆಲ್ಡ್ ಎಂಬ ಸಣ್ಣ ಊರಿನಲ್ಲೇ ಮೊರೆಲೊ, ಕಾನ್‌ಕಾರ್ಡ್ ಎಂಬ ಎರಡು ಕಂಪೆನಿಗಳಿವೆ. ಲಾರಿಯ ಚಾಸಿ ಮೇಲೆ ಮನೆ ಕಟ್ಟಿ, ಹಿಂಭಾಗದಲ್ಲಿ ಗ್ಯಾರೇಜ್ ಇಡುತ್ತಾರೆ. ಸುಮಾರು 2.7 ಮೀಟರ್ ಉದ್ದದ ಸ್ಮಾರ್ಟ್ ಕಾರು ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಗಾಡಿಗಳಲ್ಲಿ ಫಿಯೆಟ್ 500 ಕೂಡ ಹಿಡಿಯುತ್ತದೆ. ಕೆಳಗೆ ಕಾರು, ಮೇಲೆ ಮಂಚ!

ವುಪ್ಪರ್ಟಾಲ್ ನಗರದ ಫೋಲ್ಕ್ನರ್ ಕಂಪೆನಿಯ ಲೆಕ್ಕ ಬೇರೆ. ಅವರ ಗ್ಯಾರೇಜ್ ಇರುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ನೆಲದ ಅಡಿಯಲ್ಲಿ. ಬದಿಯಿಂದ ಒಂದು ಹಲಗೆ ಹೊರಗೆ ಜಾರಿ ಬಂದು ಕಾರನ್ನು ಒಳಗೆ ಎಳೆದುಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರು ಕೂಡ ಒಳಗೆ ಹೋಗುತ್ತದೆ. ಬೆಲೆ ಮಾತ್ರ ಹತ್ತು ಲಕ್ಷ ಯೂರೋಗಿಂತ ಮೇಲೆ.

ನಡುವೆ ಇಡುವುದಕ್ಕೆ ಕಾರಣ ಉಂಟು. ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಕಟ್ಟಿ ಓಡಿಸಿದವರಿಗೆ ಗೊತ್ತು, ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಇಲ್ಲಿಯೂ ಅದೇ ಕಥೆ. ಹಿಂದಿನ ಆಕ್ಸಲಿನ ಆಚೆಗೆ ಸ್ಮಾರ್ಟ್ ಕಾರಿನ 800-900 ಕಿಲೋ ಇಟ್ಟರೆ ಆ ಆಕ್ಸಲಿನ ಮೇಲೆ ಬೀಳುವ ಭಾರ ಕಾರಿನ ತೂಕಕ್ಕಿಂತಲೂ ಹೆಚ್ಚು. ಮುಂದಿನ ಚಕ್ರಗಳ ಹಿಡಿತ ಅಷ್ಟೇ ಕಡಿಮೆ. ಹಾಗಾಗಿ ಮೊದಲೇ ಅದಕ್ಕೆ ತಕ್ಕ ಚಾಸಿ ಆರಿಸಬೇಕು. ನೀರಿನ ಟ್ಯಾಂಕ್, ಸಾಮಾನು, ಜನ, ಎಲ್ಲ ತೂಕಕ್ಕೆ ಸೇರುತ್ತದೆ.

ಲೈಸೆನ್ಸ್ ಇನ್ನೊಂದು ತಲೆನೋವು. ಜರ್ಮನಿಯಲ್ಲಿ ಸಾಧಾರಣ ಕಾರಿನ ಲೈಸೆನ್ಸ್ 3.5 ಟನ್‌ವರೆಗೆ ಮಾತ್ರ. 1999ಕ್ಕೆ ಮೊದಲು ತೆಗೆದ ಹಳೇ ಲೈಸೆನ್ಸ್ ಇದ್ದವರು 7.5 ಟನ್‌ವರೆಗೆ ಓಡಿಸಬಹುದು. ಅದಕ್ಕೂ ಮೇಲಾದರೆ ಲಾರಿ ಲೈಸೆನ್ಸೇ ಬೇಕು, ಐದು ವರ್ಷಕ್ಕೊಮ್ಮೆ ಕಣ್ಣು, ಆರೋಗ್ಯದ ತಪಾಸಣೆ ಮಾಡಿಸಬೇಕು. ಪ್ರಾಯದವರಿಗೆ ಆ ತಪಾಸಣೆಯಲ್ಲಿ ಫೇಲಾದರೆ ಕನಸಿನ ಗಾಡಿ ಅಂಗಳದಲ್ಲೇ ಬಾಕಿ.

ಅಮೆರಿಕದಲ್ಲಿ ಸುಲಭದ ದಾರಿ ಹಿಡಿದಿದ್ದಾರೆ. ಕಾರಿನ ನಾಲ್ಕೂ ಚಕ್ರ ರಸ್ತೆಯಲ್ಲೇ ಇಟ್ಟು, ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಾರೆ. ಖರ್ಚು ಕಡಿಮೆ. ಆದರೆ ರಿವರ್ಸ್ ತೆಗೆಯಬೇಕಾದರೆ ಕಾರು ಬಿಚ್ಚಲೇಬೇಕು.

ನಮ್ಮ ಪಕ್ಕದ ಕೇರಳದಲ್ಲೂ 2021ರಿಂದ ಕ್ಯಾರವಾನ್ ಪ್ರವಾಸಕ್ಕೆ ಸರ್ಕಾರವೇ ಒತ್ತು ಕೊಡುತ್ತಿದೆ. ನಾಳೆ ನಾವೂ ಉಮ್ಮನನ್ನು, ಮಕ್ಕಳನ್ನು ಕೂರಿಸಿಕೊಂಡು ಅಂಥದ್ದರಲ್ಲಿ ಹೊರಟೇವು. ಕಾರು ಹೊತ್ತ ಗಾಡಿ ನಮಗೆ ಬೇಕಿಲ್ಲ. ಆದರೆ ಗಾಡಿ ನಿಲ್ಲಿಸುವ ಜಾಗದಿಂದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೊತ್ತು ಅಲ್ಲಿಗೆ ಹೋಗುವುದು ಯಾವುದರಲ್ಲಿ, ಇದನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳೋಣ.